ಕುಸಿದ ಪ್ಲೇಟು, ವಾಲಿದ ಟ್ಯಾಂಕರ್: ಹಳೆಯ ವಾಹನದ ದುರಸ್ತಿಗೆ ಅನುಮೋದನೆ ನೀಡುವ ಮುನ್ನ

(ಬೇಸಿಗೆ ಕುಡಿಯುವ ನೀರು ಪೂರೈಕೆಯ ಪೂರ್ವಸಿದ್ಧತೆ ಕುರಿತು ಗ್ರಾಮ ಪಂಚಾಯತಿ ಸದಸ್ಯರಿಗೆ ಏರ್ಪಡಿಸಿದ್ದ ತರಬೇತಿಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕೊಳವೆಬಾವಿ, ಮೋಟಾರು ಮತ್ತು ಪೈಪ್‌ಲೈನ್‌ಗಳ ಬಗ್ಗೆ ನನಗಿಂತ ಚೆನ್ನಾಗಿ ತಿಳಿದವರು ಇಂದು ಮಾತನಾಡಲಿದ್ದಾರೆ. ನನಗೆ ವಹಿಸಿರುವುದು ಟ್ಯಾಂಕರ್ ವಾಹನದ ದುರಸ್ತಿ. ಅದರಲ್ಲಿಯೂ ಒಂದೇ ಭಾಗವನ್ನು ಆರಿಸಿಕೊಂಡಿದ್ದೇನೆ. ಅದು ಚಾಸಿಗೂ ಹಿಂದಿನ ಹೌಸಿಂಗಿಗೂ ನಡುವೆ ಇರುವ ಸ್ಪ್ರಿಂಗ್ ಪ್ಲೇಟುಗಳ ಕಟ್ಟು. ಹತ್ತು ವರ್ಷ ದಾಟಿದ ಗಾಡಿಯಲ್ಲಿ ಈ ಪ್ಲೇಟುಗಳ ಕಮಾನು ಕುಗ್ಗುತ್ತದೆ, ಗಾಡಿ ಕೆಳಗೆ ಕೂರುತ್ತದೆ, ಸಾಮಾನ್ಯವಾಗಿ ಒಂದು ಪಕ್ಕಕ್ಕೆ ವಾಲುತ್ತದೆ. ಆಗ ಸಭೆಯ ಮುಂದೆ ಒಂದು ವಿಷಯ ಬರುತ್ತದೆ: “ಟ್ಯಾಂಕರ್ ಪ್ಲೇಟು ರಿಪೇರಿ, ಅಂದಾಜು ಮೊತ್ತ ಇಷ್ಟು, ಅನುಮೋದನೆಗಾಗಿ.” ಎರಡು ನಿಮಿಷದಲ್ಲಿ ಅನುಮೋದನೆಯಾಗುತ್ತದೆ. ಆ ಎರಡು ನಿಮಿಷದಲ್ಲಿ ಏನನ್ನು ಕೇಳಬೇಕಿತ್ತು ಎಂಬುದೇ ನನ್ನ ವಿಷಯ.

ನಾನು ಹೀಗೆ ಹೇಳಲು ಕಾರಣವಿದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಪಂಚಾಯತಿಯೊಂದರಲ್ಲಿ ಟ್ಯಾಂಕರ್ ಎಡಕ್ಕೆ ವಾಲಿತ್ತು. ಪಟ್ಟಣದ ಒಂದು ಅಂಗಡಿಯಲ್ಲಿ ಎಡಭಾಗದ ಪ್ಲೇಟುಗಳನ್ನು ಬಿಚ್ಚಿ, ಕುಲುಮೆಯಲ್ಲಿ ಕಾಯಿಸಿ, ಬಡಿದು ಬಗ್ಗಿಸಿ, ಮೇಲೆ ಇನ್ನೆರಡು ಪ್ಲೇಟು ಸೇರಿಸಿ ಕೊಟ್ಟರು. ಗಾಡಿ ಎದ್ದು ನಿಂತಿತು. ಎಲ್ಲರಿಗೂ ಸಮಾಧಾನವಾಯಿತು. ಎರಡು ಪ್ಲೇಟು ಹೆಚ್ಚಾಗಿದೆಯಲ್ಲ ಎಂಬ ಧೈರ್ಯದಲ್ಲಿ ಟ್ಯಾಂಕನ್ನು ಬಾಯಿವರೆಗೆ ತುಂಬಿಸುವುದು ರೂಢಿಯಾಯಿತು. ಎರಡನೆಯ ಬೇಸಿಗೆಯಲ್ಲಿ, ಕೆರೆ ಏರಿಯ ಮೇಲೆ ಬರುವಾಗ ಎಡಗಡೆಯ ಮೇನ್ ಪ್ಲೇಟು ಮುಂದಿನ ತುದಿಯ ಬಳಿ ಮುರಿಯಿತು. ಹೌಸಿಂಗನ್ನು ಹಿಂದೆ ಮುಂದೆ ಸರಿಯದಂತೆ ಹಿಡಿದಿಡುವುದು ಆ ಪ್ಲೇಟೇ. ಅದು ಮುರಿದ ಕೂಡಲೇ ಎಡಚಕ್ರಗಳು ಹಿಂದಕ್ಕೆ ಸರಿದು ಗಾಡಿ ತಾನಾಗಿಯೇ ಎಡಕ್ಕೆ ತಿರುಗಿತು. ಚಾಲಕರು ಅನುಭವಸ್ಥರು, ಏರಿಯ ಅಂಚಿನಲ್ಲಿದ್ದ ಜಾಲಿಮರಕ್ಕೆ ಒರಗಿಸಿ ನಿಲ್ಲಿಸಿದರು. ಅವರಿಗೂ ಪಕ್ಕದಲ್ಲಿ ಕುಳಿತಿದ್ದ ನೀರುಗಂಟಿಗೂ ತರಚು ಗಾಯಗಳಷ್ಟೇ ಆದವು. ಮರವಿಲ್ಲದ ಜಾಗದಲ್ಲಿ ಮುರಿದಿದ್ದರೆ ಏನಾಗುತ್ತಿತ್ತೆಂದು ನಾನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಮುರಿದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದೆ. ಮುರಿತದ ಮುಖದಲ್ಲಿ ಮುಕ್ಕಾಲು ಭಾಗ ತುಕ್ಕಿನ ಬಣ್ಣ, ಕಾಲು ಭಾಗ ಮಾತ್ರ ಬೆಳ್ಳಗೆ ಹೊಳೆಯುವ ಹೊಸ ಮುರಿತ. ಎಂದರೆ ಬಿರುಕು ಎಷ್ಟೋ ತಿಂಗಳ ಹಿಂದೆಯೇ ಹುಟ್ಟಿ ಬೆಳೆಯುತ್ತಿತ್ತು. ಆ ದಿನ ಕಡಿದದ್ದು ಉಳಿದ ಕಾಲು ಭಾಗ. ಕಾಯಿಸಿ ಬಡಿದ ಪ್ಲೇಟಿನಲ್ಲಿ ಹೀಗಾಗುತ್ತದೆ ಎಂಬುದು ಎಂಜಿನಿಯರಿಂಗ್ ಓದಿದ ನನಗೆ ತಿಳಿಯದ ವಿಷಯವಾಗಿರಲಿಲ್ಲ. ಆದರೂ ಆ ಬಿಲ್ಲಿನಲ್ಲಿ ಅಧ್ಯಕ್ಷರ ಸಹಿಯ ಪಕ್ಕದಲ್ಲಿ ನನ್ನ ಸಹಿಯಿತ್ತು. ಬಿಲ್ಲಿನಲ್ಲಿ “ಪ್ಲೇಟು ಕೆಲಸ” ಎಂದಷ್ಟೇ ಬರೆದಿತ್ತು. ಏನು ಕೆಲಸ ಎಂದು ನಾನು ಕೇಳಿರಲಿಲ್ಲ.

ಈಗ ನಾನಿರುವ ಪಂಚಾಯತಿಯಲ್ಲಿಯೂ ಅದೇ ಸಮಸ್ಯೆ ಬಂದಿತು. ಹನ್ನೊಂದು ವರ್ಷದ, ಹಿಂದೆ ನಾಲ್ಕು ಚಕ್ರಗಳುಳ್ಳ ಚಿಕ್ಕ ಲಾರಿ; ಎಡಕ್ಕೆ ವಾಲಿತ್ತು. ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, “ಸಾರ್, ಪ್ಲೇಟು ವೀಕಾಗಿದೆ, ಇನ್ನೆರಡು ಜಾಸ್ತಿ ಹಾಕಿಸಿಬಿಡಿ” ಎಂದರು. ಬಹುತೇಕ ಎಲ್ಲರೂ ಹೇಳುವ ಮಾತು ಇದೇ. ಈ ಮಾತಿನಲ್ಲಿರುವ “ವೀಕು” ಎಂಬ ಪದವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಸ್ಪ್ರಿಂಗಿಗೆ ಎರಡು ಗುಣಗಳಿವೆ. ಒಂದು ಅದರ ಬಿಗಿತ, ಅಂದರೆ ಇಷ್ಟು ಭಾರ ಹೇರಿದರೆ ಇಷ್ಟು ಇಳಿಯುತ್ತದೆ ಎಂಬ ಲೆಕ್ಕ. ಇನ್ನೊಂದು ಅದರ ಕಮಾನು, ಅಂದರೆ ಭಾರವಿಲ್ಲದಾಗ ಅದು ಎಷ್ಟು ಬಾಗಿ ನಿಂತಿದೆ ಎಂಬುದು. ಬಿಗಿತವನ್ನು ನಿರ್ಧರಿಸುವುದು ಪ್ಲೇಟಿನ ಉದ್ದ, ಅಗಲ, ದಪ್ಪ, ಸಂಖ್ಯೆ ಮತ್ತು ಉಕ್ಕಿನ ಸಹಜ ಸ್ವಭಾವ. ವಯಸ್ಸಾದ ಮಾತ್ರಕ್ಕೆ ಇವು ಯಾವುವೂ ಬದಲಾಗುವುದಿಲ್ಲ. ಮಿತಿಮೀರಿದ ಭಾರ ಪದೇ ಪದೇ ಬಿದ್ದಾಗ ಉಕ್ಕು ತನ್ನ ಹಿಂದಿನ ಆಕಾರಕ್ಕೆ ಪೂರ್ತಿಯಾಗಿ ಮರಳುವುದಿಲ್ಲ. ಪ್ರತಿಸಲವೂ ಕೂದಲೆಳೆಯಷ್ಟು ಚಪ್ಪಟೆಯಾಗಿಯೇ ಉಳಿಯುತ್ತದೆ. ಹೀಗೆ ಕಳೆದುಹೋಗುವುದು ಕಮಾನು, ಬಿಗಿತವಲ್ಲ. ಪ್ಲೇಟು ತುಕ್ಕು ಹಿಡಿದು ಸವೆದಿದ್ದರೆ ಮಾತ್ರ ಬಿಗಿತವೂ ಕುಗ್ಗುತ್ತದೆ, ಅದೂ ತೀವ್ರವಾಗಿ: ದಪ್ಪದಲ್ಲಿ ಶೇಕಡಾ 10ರಷ್ಟು ಸವೆದ ಪ್ಲೇಟು ಬಿಗಿತದಲ್ಲಿ ಶೇಕಡಾ 27ರಷ್ಟನ್ನು ಕಳೆದುಕೊಳ್ಳುತ್ತದೆ, ಏಕೆಂದರೆ ಬಿಗಿತವು ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ.

ಇವೆರಡರಲ್ಲಿ ಯಾವುದು ಕೆಟ್ಟಿದೆ ಎಂದು ತಿಳಿಯಲು ಯಂತ್ರ ಬೇಕಿಲ್ಲ, ಒಂದು ಅಳತೆ ಟೇಪು ಸಾಕು. ನಾವು ಮಾಡಿದ್ದು ಇಷ್ಟು. ಗಾಡಿಯನ್ನು ಸಮತಟ್ಟಾದ ಕಾಂಕ್ರೀಟಿನ ಮೇಲೆ ನಿಲ್ಲಿಸಿ, ಎಲ್ಲ ಟೈರುಗಳಿಗೂ ಸರಿಯಾದ ಗಾಳಿ ತುಂಬಿಸಿದೆವು. ಟ್ಯಾಂಕು ಖಾಲಿಯಿದ್ದಾಗ ಹಿಂದಿನ ಚಕ್ರದ ನಡುಬಿಂದುವಿನಿಂದ ಚಾಸಿಯ ಮೇಲಂಚಿಗೆ ಎರಡೂ ಬದಿ ಅಳೆದೆವು. ಬಲಗಡೆ 450 ಮಿ.ಮೀ., ಎಡಗಡೆ 398 ಮಿ.ಮೀ. ಬಂದಿತು, ಅಂದರೆ 52 ಮಿ.ಮೀ. ವಾಲು. ನಂತರ ಗಾಡಿಗೆ ಅನುಮತಿಯಿರುವಷ್ಟು ನೀರು ತುಂಬಿಸಿ ಮತ್ತೆ ಅಳೆದೆವು. ಬಲಗಡೆ 368ಕ್ಕೆ ಇಳಿಯಿತು, ಎಡಗಡೆ 314ಕ್ಕೆ. ಬಲ ಇಳಿದದ್ದು 82, ಎಡ ಇಳಿದದ್ದು 84. ವ್ಯತ್ಯಾಸ ಎರಡೇ ಮಿ.ಮೀ. ಎಡ ಸ್ಪ್ರಿಂಗ್ ವೀಕಾಗಿದ್ದರೆ ಅದು ಹೆಚ್ಚು ಇಳಿಯಬೇಕಿತ್ತು. ಅದು ಬಲದಷ್ಟೇ ಬಿಗಿಯಾಗಿತ್ತು, ಕಮಾನು ಮಾತ್ರ ಹೋಗಿತ್ತು.

ಈಗ ಎರಡು ಪ್ಲೇಟು ಸೇರಿಸುವ ಸಲಹೆಯನ್ನು ಈ ಅಳತೆಯ ಪಕ್ಕದಲ್ಲಿಟ್ಟು ನೋಡಿ. ಒಂಬತ್ತು ಪ್ಲೇಟಿನ ಕಟ್ಟಿಗೆ ಅದೇ ದಪ್ಪದ ಎರಡು ಸೇರಿಸಿದರೆ ಬಿಗಿತ ಸ್ಥೂಲವಾಗಿ ಶೇಕಡಾ 22ರಷ್ಟು ಹೆಚ್ಚುತ್ತದೆ. ನೀರು ತುಂಬಿದಾಗ 82 ಮಿ.ಮೀ. ಇಳಿಯುತ್ತಿದ್ದುದು 67 ಮಿ.ಮೀ. ಇಳಿಯುತ್ತದೆ. ಉಳಿತಾಯ 15 ಮಿ.ಮೀ.; ನಮಗೆ ಬೇಕಾಗಿದ್ದದ್ದು 52. ಹೊಸ ಪ್ಲೇಟುಗಳನ್ನು ಹೆಚ್ಚು ಬಾಗಿಸಿ ಹಾಕಿದರೆ ಗಾಡಿ ಏಳುತ್ತದೆ ನಿಜ. ಆದರೆ ಆಗ ಆ ಎರಡರ ಮೇಲೆಯೇ ಹೆಚ್ಚಿನ ಒತ್ತಡ ಬೀಳುತ್ತದೆ. ಎಡಕ್ಕೊಂದು ಬಿಗಿತ ಬಲಕ್ಕೊಂದು ಬಿಗಿತ ಆದುದರಿಂದ ಖಾಲಿಯಿದ್ದಾಗ ಒಂದು ಕಡೆಗೆ, ತುಂಬಿದಾಗ ಇನ್ನೊಂದು ಕಡೆಗೆ ಗಾಡಿ ವಾಲತೊಡಗುತ್ತದೆ. ಎಡಬಲ ಅದಲುಬದಲು ಮಾಡಿ ಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. ಅದರಿಂದ ಎಡಕ್ಕಿದ್ದ ವಾಲು ಬಲಕ್ಕೆ ಹೋಗುತ್ತದೆ, ಅಷ್ಟೆ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ, ಕಮಾನು ಏಕೆ ಹೋಯಿತು ಎಂಬುದು. ನಮ್ಮ ಟ್ಯಾಂಕಿನ ಒಳ ಅಳತೆ 2.4 ಮೀಟರ್ ಉದ್ದ, 1.3 ಮೀಟರ್ ಅಗಲ, 1.2 ಮೀಟರ್ ಎತ್ತರ. ಗುಣಿಸಿದರೆ 3,744 ಲೀಟರ್. ನೀರಿನ ಲೆಕ್ಕದಲ್ಲಿ ಒಂದು ಅನುಕೂಲವಿದೆ, ಒಂದು ಲೀಟರ್ ಎಂದರೆ ಒಂದು ಕಿಲೋ. ಖಾಲಿ ಟ್ಯಾಂಕಿನೊಂದಿಗೆ, ಡೀಸೆಲ್ ಮತ್ತು ಚಾಲಕರ ಸಹಿತ ವೇಬ್ರಿಡ್ಜಿನಲ್ಲಿ ತೂಗಿಸಿ, ಆ ತೂಕವನ್ನು ಆರ್.ಸಿ.ಯಲ್ಲಿ ನಮೂದಾಗಿರುವ ಒಟ್ಟು ತೂಕದಿಂದ ಕಳೆದಾಗ ಉಳಿದದ್ದು 2,600 ಕೆ.ಜಿ. ಅಂದರೆ ಬಾಯಿವರೆಗೆ ತುಂಬಿದ ಪ್ರತಿ ಟ್ರಿಪ್ಪಿನಲ್ಲಿಯೂ ನಾವು 1,144 ಕೆ.ಜಿ. ಹೆಚ್ಚುವರಿ ಹೊರಿಸುತ್ತಿದ್ದೆವು, ಅನುಮತಿಗಿಂತ ಶೇಕಡಾ 44ರಷ್ಟು ಅಧಿಕ. ಇಷ್ಟು ವರ್ಷ ಯಾರೂ ಈ ಗುಣಾಕಾರ ಮಾಡಿರಲಿಲ್ಲ. ಎಡಗಡೆಯೇ ಹೆಚ್ಚು ಕುಸಿದದ್ದಕ್ಕೂ ಕಾರಣವಿತ್ತು: ನಾವು ರಸ್ತೆಯ ಎಡಕ್ಕೆ ಓಡಿಸುವವರು, ರಸ್ತೆ ಅಂಚಿನ ಕಡೆಗೆ ಇಳಿಜಾರಾಗಿರುತ್ತದೆ, ಎದುರಿಗೆ ಬಸ್ಸು ಬಂದಾಗ ಮಣ್ಣಿಗೆ ಇಳಿಯುವುದು ಎಡಚಕ್ರ. ಸಾಲದ್ದಕ್ಕೆ ಪಂಪ್‌ಸೆಟ್ಟನ್ನು ಎಡಗಡೆಯೇ ಕೂರಿಸಿತ್ತು.

ಎರಡು ಪ್ಲೇಟು ಹೆಚ್ಚು ಹಾಕಿಸಿದ ಮಾತ್ರಕ್ಕೆ ಆರ್.ಸಿ.ಯ ತೂಕ ಹೆಚ್ಚುವುದಿಲ್ಲ. ಹೌಸಿಂಗು, ಬೇರಿಂಗು, ಬ್ರೇಕು, ಟೈರು, ಚಾಸಿ ಎಲ್ಲವೂ ಹಳೆಯ ತೂಕಕ್ಕೇ ಮಾಡಿದವು. ಅಧಿಕ ಭಾರಕ್ಕೆ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನಡಿ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ಇದೆ. ದಂಡದ ಮಾತು ಹಾಗಿರಲಿ. ಅಪಘಾತವಾದರೆ ಮೊದಲು ತೆಗೆದು ನೋಡುವುದು ಆರ್.ಸಿ., ವಿಮೆ, ಅರ್ಹತಾ ಪತ್ರ ಮತ್ತು ಸಭೆಯ ನಡಾವಳಿ. “ಹೆಚ್ಚು ನೀರು ತರಲು ಅನುಕೂಲವಾಗುವಂತೆ ಪ್ಲೇಟು ಸೇರಿಸಲು ತೀರ್ಮಾನಿಸಲಾಯಿತು” ಎಂಬ ವಾಕ್ಯ ನಡಾವಳಿಯಲ್ಲಿದ್ದರೆ ಅದರ ಕೆಳಗೆ ಯಾರ ಯಾರ ಸಹಿಗಳಿರುತ್ತವೆ ಎಂದು ನಿಮಗೆ ಗೊತ್ತು.

ಆದುದರಿಂದ ನಾವು ಮೊದಲು ದುರಸ್ತಿ ಮಾಡಿದ್ದು ಪ್ಲೇಟನ್ನಲ್ಲ, ಟ್ಯಾಂಕನ್ನು. ಟ್ಯಾಂಕು ಅರ್ಧಂಬರ್ಧ ತುಂಬಿದಾಗ ನೀರು ತುಳುಕಿ ಗಾಡಿಯನ್ನು ಎಳೆದಾಡುತ್ತದೆ. ಆದ್ದರಿಂದ ಒಳಗೆ ರಂಧ್ರಗಳಿರುವ ಎರಡು ತಡೆ ತಗಡುಗಳನ್ನು ಬೆಸುಗೆ ಹಾಕಿಸಿದೆವು. ಅವುಗಳ ತೂಕ ಸುಮಾರು 65 ಕೆ.ಜಿ. ಅದನ್ನೂ ಕಳೆದು ಲೆಕ್ಕ ಹಾಕಿ, ತಳದಿಂದ 81 ಸೆಂ.ಮೀ. ಎತ್ತರದಲ್ಲಿ ಹೊರಚೆಲ್ಲುವ ಕೊಳವೆಯನ್ನು ಇಟ್ಟೆವು. ಈಗ ಯಾರೇ ತುಂಬಿಸಿದರೂ 2,500 ಲೀಟರಿನ ಆಸುಪಾಸಿನಲ್ಲಿ ನೀರು ಹೊರಗೆ ಬರುತ್ತದೆ. ಪಂಪ್‌ಸೆಟ್ಟನ್ನು ಹಿಂಬದಿಯ ಮಧ್ಯಕ್ಕೆ ಸರಿಸಿದೆವು.

ಇದರಿಂದ ಜನರಿಗೆ ಸಂತೋಷವಾಯಿತೆಂದು ನಾನು ಹೇಳಲಾರೆ. ದಿನಕ್ಕೆ ಐದು ಟ್ರಿಪ್ಪಿನಲ್ಲಿ 18,700 ಲೀಟರ್ ಬರುತ್ತಿದ್ದ ಕಡೆ ಏಳು ಟ್ರಿಪ್ಪು ಹೊಡೆದರೂ 17,700 ಲೀಟರ್. ಡೀಸೆಲ್ ಹೆಚ್ಚು, ಚಾಲಕರಿಗೆ ದಣಿವು ಹೆಚ್ಚು. ಒಂದು ಕಾಲೋನಿಯ ಮಹಿಳೆಯರು ಕಚೇರಿಗೆ ಖಾಲಿ ಕೊಡಗಳೊಂದಿಗೆ ಬಂದರು. ಆ ವಾರ್ಡಿನ ಸದಸ್ಯೆಯವರು ಅವರನ್ನು ಗಾಡಿಯ ಬಳಿಗೆ ಕರೆದುಕೊಂಡು ಹೋಗಿ, ಚಪ್ಪಟೆಯಾದ ಪ್ಲೇಟನ್ನು ತೋರಿಸಿ, ಲೆಕ್ಕ ವಿವರಿಸಿದರು. ನಾನು ವಿವರಿಸಿದ್ದರೆ ಅಷ್ಟು ಕೇಳುತ್ತಿರಲಿಲ್ಲವೇನೋ. ಕೊನೆಗೆ ಬೆಳಿಗ್ಗೆ ಒಂದು ಗಂಟೆ ಮುಂಚೆ ಮೊದಲ ಟ್ರಿಪ್ಪು ಹೊರಡುವುದೆಂದು ತೀರ್ಮಾನವಾಯಿತು.

ಇನ್ನು ಪ್ಲೇಟಿನ ಕೆಲಸ. ಕಮಾನನ್ನು ಮರಳಿ ತರಲು ಮೂರು ದಾರಿಗಳಿವೆ: ತಣ್ಣಗಿರುವಾಗಲೇ ಬಗ್ಗಿಸುವುದು, ಕಾಯಿಸಿ ಬಗ್ಗಿಸಿ ಮತ್ತೆ ಹದ ಕೊಡುವುದು, ಹೊಸ ಕಟ್ಟು ಹಾಕುವುದು. ಮಧ್ಯದ ದಾರಿಯ ಬಗ್ಗೆಯೇ ಹೆಚ್ಚು ಎಚ್ಚರಿಕೆ ಬೇಕು. ಸ್ಪ್ರಿಂಗಿನ ಉಕ್ಕಿಗೆ ಅದರ ಗುಣ ಬರುವುದು ಹದದಿಂದ. ಕಾರ್ಖಾನೆಯಲ್ಲಿ ಅದನ್ನು ಸುಮಾರು 850ರಿಂದ 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಡುಸು ಮಾಡಿ, ಮತ್ತೆ 400ರಿಂದ 500 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ ಆ ಗಡುಸುತನವನ್ನು ಹದಕ್ಕೆ ತರುತ್ತಾರೆ. ತಾಪಮಾನ ಅಳೆಯುವ ಕುಲುಮೆಯಿದ್ದು ಈ ಎರಡೂ ಹಂತಗಳನ್ನು ಮಾಡುವ ಸ್ಪ್ರಿಂಗ್ ಕಾರ್ಖಾನೆಯಲ್ಲಿ ಮಾಡಿಸಿದರೆ ತೊಂದರೆಯಿಲ್ಲ. ಕಣ್ಣಂದಾಜಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿ ಗಾಳಿಗೆ ಆರಲು ಬಿಟ್ಟರೆ ಪ್ಲೇಟು ಮೆದುವಾಗುತ್ತದೆ, ಕೆಲವೇ ತಿಂಗಳಲ್ಲಿ ಮತ್ತೆ ಕುಸಿಯುತ್ತದೆ. ನೀರಿಗೆ ಅದ್ದಿದರೆ ಗಾಜಿನಂತಾಗುತ್ತದೆ, ಬಿರುಕು ಬಿಡುತ್ತದೆ. ಕೆರೆ ಏರಿಯ ಪ್ಲೇಟಿಗೆ ಹದ ಕೊಟ್ಟಿರಲಿಲ್ಲ. ನಮ್ಮ ಕಮ್ಮಾರರು ಹಳೆಯ ಪ್ಲೇಟಿನಿಂದ ಮಚ್ಚು, ಕುಡುಗೋಲು ಮಾಡಿ ಚೆನ್ನಾಗಿ ಹದ ಹಾಕುತ್ತಾರೆ. ಆ ವಿದ್ಯೆಯ ಬಗ್ಗೆ ನನಗೆ ಗೌರವವಿದೆ. ಆದರೆ ಮಚ್ಚಿಗೆ ಬೇಕಾದ ಹದ ಅಲಗಿನ ಅಂಚಿಗಷ್ಟೇ. ಪ್ಲೇಟಿಗೆ ಉದ್ದಕ್ಕೂ ಒಂದೇ ಹದ ಬೇಕು.

ಹೆದ್ದಾರಿಯ ಬದಿಯ ಲಾರಿ ರಿಪೇರಿ ಅಂಗಡಿಗಳಲ್ಲಿ ತಣ್ಣನೆಯ ವಿಧಾನ ಬಲ್ಲವರು ಇದ್ದಾರೆ. ಪ್ಲೇಟನ್ನು ಎರಡು ಆಧಾರಗಳ ಮೇಲಿಟ್ಟು, ಪ್ರೆಸ್ಸಿನಿಂದಲೋ ಸುತ್ತಿಗೆಯಿಂದಲೋ ಉದ್ದಕ್ಕೂ ಇಷ್ಟಿಷ್ಟೇ ಸರಿಸುತ್ತಾ ಬಗ್ಗಿಸುತ್ತಾರೆ. ಒಂದೇ ಜಾಗದಲ್ಲಿ ಬಲವಾಗಿ ಬಗ್ಗಿಸಿದರೆ ಮಡಿಕೆ ಬೀಳುತ್ತದೆ, ಮುಂದೆ ಅಲ್ಲಿಯೇ ಮುರಿಯುತ್ತದೆ. ಹೀಗೆ ಬಗ್ಗಿಸಿದ ಪ್ಲೇಟು ಸ್ವಲ್ಪ ಹಿಂದಕ್ಕೆ ಕುಳಿತೇ ಕೂರುತ್ತದೆ. ಬಲ್ಲ ಮೇಸ್ತ್ರಿಗಳು ಬೇಕಾದದ್ದಕ್ಕಿಂತ ತುಸು ಹೆಚ್ಚು ಕಮಾನು ಕೊಟ್ಟು, ಪ್ರೆಸ್ಸಿನಲ್ಲಿ ಒಮ್ಮೆ ಪೂರ್ತಿ ಒತ್ತಿ ಬಿಟ್ಟು, ಉಳಿದ ಕಮಾನನ್ನು ಅಳೆಯುತ್ತಾರೆ. ಅಂಗಡಿಯವರು ಈ ಮಾತನ್ನು ತಾವಾಗಿಯೇ ಹೇಳಿದರೆ ಅವರಿಗೆ ಕೆಲಸ ಗೊತ್ತಿದೆ ಎಂದು ತಿಳಿಯಬಹುದು.

ನಮ್ಮ ಗಾಡಿಗೆ ಪೂರ್ತಿ ಹೊಸ ಕಟ್ಟು ಹಾಕಿಸಬಹುದಿತ್ತು. ಆದರೆ 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ ಪಂಚಾಯತಿಗಳೂ ಸೇರಿದಂತೆ ಸರ್ಕಾರಿ ಸಂಸ್ಥೆಗಳ ವಾಹನಗಳ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನವೀಕರಣವಿಲ್ಲ. ನಮ್ಮ ಗಾಡಿಗೆ ಉಳಿದಿರುವುದು ನಾಲ್ಕು ವರ್ಷ. ಈ ಲೆಕ್ಕದ ಮೇಲೆ, ಎರಡೂ ಬದಿಯ ಮೇನ್ ಪ್ಲೇಟು ಮತ್ತು ಅದರ ಕೆಳಗಿನ ಎರಡನೆಯ ಪ್ಲೇಟನ್ನು ಹೊಸದಾಗಿ ಹಾಕಿಸಿ, ಉಳಿದ ಏಳೇಳನ್ನು ತಣ್ಣಗೆ ಬಗ್ಗಿಸಲು ನಿರ್ಧರಿಸಿದೆವು. ಪ್ರಾಣ ನಿಂತಿರುವುದು ಮೇನ್ ಪ್ಲೇಟಿನ ಮೇಲೆ. ಅಲ್ಲಿ ಉಳಿತಾಯ ಬೇಡವೆಂದು ಅಧ್ಯಕ್ಷರೇ ಹೇಳಿದರು. ಬಿಚ್ಚಿ ತೊಳೆದಾಗ ಬಲಗಡೆಯ ಐದನೆಯ ಪ್ಲೇಟಿನಲ್ಲಿ, ಮಧ್ಯದ ತೂತಿನ ಬಳಿ ಕೂದಲಿನಂಥ ಬಿರುಕು ಕಂಡಿತು. ವಾಲಿದ್ದು ಎಡಗಡೆ ಮಾತ್ರವೆಂದು ಬಲವನ್ನು ಬಿಚ್ಚದೆ ಬಿಟ್ಟಿದ್ದರೆ ಅದು ಅಲ್ಲಿಯೇ ಉಳಿಯುತ್ತಿತ್ತು. ಅದನ್ನೂ ಬದಲಾಯಿಸಿದೆವು.

ದರಪಟ್ಟಿಯಲ್ಲಿ ನೀವು ನೋಡಬೇಕಾದದ್ದನ್ನು ಹೇಳಿಬಿಡುತ್ತೇನೆ. ಯಾವ ಪ್ಲೇಟು ಹೊಸದು, ಯಾವುದು ಬಗ್ಗಿಸುವುದು, ಅಗಲ ದಪ್ಪ ಎಷ್ಟು, ಕಾಯಿಸುತ್ತಾರೋ ಇಲ್ಲವೋ ಎಂಬುದು ಬರಹದಲ್ಲಿರಲಿ. ಯು ಬೋಲ್ಟು, ಸೆಂಟರ್ ಬೋಲ್ಟು, ಬುಷ್ಷುಗಳು ಹೊಸದಾಗಿರಲಿ. ಒಮ್ಮೆ ಬಿಚ್ಚಿದ ಯು ಬೋಲ್ಟನ್ನು ಮತ್ತೆ ಹಾಕಬಾರದು. ಪ್ಲೇಟಿಗೆ ಎಲ್ಲಿಯೂ ಬೆಸುಗೆ ಅಥವಾ ಗ್ಯಾಸ್ ಕಟಿಂಗ್ ಬೇಡ. ಬಿಚ್ಚಿದ ಹಳೆಯ ಪ್ಲೇಟುಗಳು ಪಂಚಾಯತಿಯ ಸ್ವತ್ತು; ಮಚ್ಚು ಮಾಡುವವರಿಂದ ಅವಕ್ಕೆ ಬೇಡಿಕೆಯಿರುವುದರಿಂದ ಅಂಗಡಿಯಲ್ಲೇ ಉಳಿದುಬಿಡುತ್ತವೆ. ತರಿಸಿ, ಎಣಿಸಿ, ದಾಸ್ತಾನು ವಹಿಯಲ್ಲಿ ನಮೂದಿಸಿ. ಲೆಕ್ಕಪರಿಶೋಧನೆಗೂ ಅನುಕೂಲ, ನಿಜವಾಗಿ ಬದಲಾಯಿಸಿದ್ದಾರೆಯೇ ಎಂಬುದಕ್ಕೂ ಸಾಕ್ಷಿ.

ಗಾಡಿ ಮರಳಿ ಬಂದ ಮೇಲೆ ಎರಡು ಕೆಲಸಗಳು ಮರೆತುಹೋಗುತ್ತವೆ. ಮೊದಲ ಭರ್ತಿ ಟ್ರಿಪ್ಪಿನ ನಂತರ ಒಮ್ಮೆ, ವಾರದೊಳಗೆ ಇನ್ನೊಮ್ಮೆ ಯು ಬೋಲ್ಟುಗಳನ್ನು ಬಿಗಿಮಾಡಬೇಕು. ಹೊಸ ಕಟ್ಟು ಕುಳಿತುಕೊಳ್ಳುವಾಗ ಅವು ಸಡಿಲವಾಗುತ್ತವೆ. ಸಡಿಲವಾದರೆ ಸೆಂಟರ್ ಬೋಲ್ಟು ಕಡಿದು ಹೌಸಿಂಗು ಸರಿಯುತ್ತದೆ. ಎರಡನೆಯದು ಬ್ರೇಕು. ಕೆಲವು ಗಾಡಿಗಳಲ್ಲಿ ಹಿಂದಿನ ಬ್ರೇಕಿನ ಬಲವನ್ನು ಭಾರಕ್ಕೆ ತಕ್ಕಂತೆ ಹೊಂದಿಸುವ ವಾಲ್ವು ಇರುತ್ತದೆ. ಭಾರ ಎಷ್ಟೆಂದು ಅದು ತಿಳಿಯುವುದು ಹೌಸಿಂಗಿಗೂ ಚಾಸಿಗೂ ನಡುವಿನ ಅಂತರದಿಂದಲೇ. ಅಂತರ ಬದಲಾಯಿಸಿ ವಾಲ್ವನ್ನು ಹೊಂದಿಸದಿದ್ದರೆ ಹಿಂದಿನ ಚಕ್ರಗಳಿಗೆ ಬ್ರೇಕು ಕಡಿಮೆ ಬೀಳುತ್ತದೆ. ಹೆಡ್‌ಲೈಟಿನ ಕೋನವನ್ನೂ ಅದೇ ದಿನ ಸರಿಪಡಿಸಿಕೊಳ್ಳಿ.

ಕೆಲಸ ಮುಗಿದ ದಿನ ಖಾಲಿ ಗಾಡಿಯ ಅಳತೆ ಎಡ 458, ಬಲ 461 ಇತ್ತು. ಮೂರು ತಿಂಗಳ ನಂತರ ಎಡ 449, ಬಲ 455. ಸ್ವಲ್ಪ ಕುಳಿತಿದೆ, ಕೂರುತ್ತದೆಂದು ಮೊದಲೇ ತಿಳಿದಿತ್ತು. ಪ್ರತಿ ತಿಂಗಳ ಮೊದಲ ವಾರ ಚಾಲಕರು ಅಳೆದು ಲಾಗ್ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಾರೆ. ಎಡಬಲದ ವ್ಯತ್ಯಾಸ 20 ಮಿ.ಮೀ. ದಾಟಿದರೆ ಸಭೆಗೆ ತರಬೇಕೆಂದು ನಡಾವಳಿಯಲ್ಲಿ ಬರೆದಿದ್ದೇವೆ.

ಊಟದ ವಿರಾಮದಲ್ಲಿ ನೋಡಲೆಂದು ಆ ಟ್ಯಾಂಕರನ್ನು ಇಲ್ಲಿಗೆ ತರಿಸಿದ್ದೇನೆ. ಹಿಂಬದಿಯ ಆವರಣದಲ್ಲಿ ನಿಂತಿದೆ. ಕೆರೆ ಏರಿಯ ಮೇಲೆ ಮುರಿದ ಮೇನ್ ಪ್ಲೇಟಿನ ತುಂಡೂ ಅದರ ಕ್ಯಾಬಿನ್‌ನಲ್ಲಿದೆ. ಟೇಪು ಚಾಲಕರ ಬಳಿ ಇದೆ, ಅಳೆದು ನೋಡಬಹುದು. ತಮ್ಮ ಪಂಚಾಯತಿಯ ಟ್ಯಾಂಕಿನ ಉದ್ದ, ಅಗಲ, ಎತ್ತರ ಗೊತ್ತಿರುವವರು ಆರ್.ಸಿ.ಯ ತೂಕವನ್ನು ಫೋನಿನಲ್ಲಿ ತರಿಸಿಕೊಂಡರೆ ಅಲ್ಲಿಯೇ ಕುಳಿತು ಲೆಕ್ಕ ಹಾಕಿಕೊಡುತ್ತೇನೆ.